ರೀವ್ ಅನ್ನೋನು ಕಳ್ಳನಾ, ಒಡೆಯನ ಏಜೆಂಟಾ, ಇಲ್ಲ ನಡುವೆ ಸಿಕ್ಕಿಹಾಕ್ಕೊಂಡ ರೈತನಾ?

ಓದುಗರ ಪ್ರಶ್ನೆ: "ಸರ್, ನಾನು ಎಂ.ಎ. ಇಂಗ್ಲಿಷ್ ಕೊನೇ ವರ್ಷ. 14ನೇ ಶತಮಾನದ ಇಂಗ್ಲಿಷ್ ಕವಿ ಚಾಸರ್‌ನ ಕ್ಯಾಂಟರ್‌ಬರಿ ಟೇಲ್ಸ್ ಪ್ರೊಲಾಗ್‌ನಲ್ಲಿ ಬರ್ತಾನಲ್ಲ ರೀವ್, ಅಂದ್ರೆ ಒಡೆಯನ ಬೇಸಾಯ ನೋಡ್ಕೊಳೋನು, ಅವನ ಮೇಲೆ ಡಿಸರ್ಟೇಶನ್ ಮಾಡ್ತಿದೀನಿ. ನಮ್ಮ ತಾತ ಶಾನುಭೋಗರಾಗಿದ್ದೋರು, ಅವರ ಕಾಲದ ಪಟೇಲರ ಕಥೆ ಮನೇಲಿ ಕೇಳಿ ಬೆಳೆದವಳು ನಾನು, ಹಾಗಾಗಿ ರೀವ್ ಅಂದ್ರೆ ಆ ಊರಿನ ಪಟೇಲ, ಒಡೆಯನ ಪರವಾಗಿ ರೈತರನ್ನ ಹಿಂಡೋನು, ಜೊತೆಗೆ ಒಡೆಯನ ಖಜಾನೆನೂ ಮೇಯೋನು ಅಂತ ಒಂದು ಚಾಪ್ಟರ್ ಪೂರ್ತಿ ಬರೆದಿಟ್ಟೆ. ಈಗ ನೋಡಿದ್ರೆ ರೀವ್ ಸ್ವತಃ ಬಂಧಿತ ರೈತ, ಅಂದ್ರೆ ಒಡೆಯನ ಜಮೀನಿಗೆ ಕಟ್ಟುಬಿದ್ದೋನು, ಊರವರೇ ಅವನನ್ನ ಆರಿಸ್ತಿದ್ರು, ಕೆಲವರು ಆ ಕೆಲಸ ಬೇಡ ಅಂತ ದುಡ್ಡು ಕೊಟ್ಟು ತಪ್ಪಿಸ್ಕೋತಿದ್ರು ಅಂತ ಇನ್ನೊಂದು ಕಡೆ ಓದಿದೆ. ಅಧಿಕಾರ ಇರೋ ಹುದ್ದೆನ ಯಾರಾದ್ರೂ ದುಡ್ಡು ಕೊಟ್ಟು ಬಿಡ್ತಾರಾ? ಸ್ಟೀವರ್ಡ್, ಬೇಲಿಫ್, ಹೇವರ್ಡ್ ಅಂತ ಇನ್ನೂ ಹೆಸರುಗಳಿವೆ, ಎಲ್ಲ ಕಲಸುಮೇಲೋಗರ ಆಗಿದೆ. ಸಬ್ಮಿಷನ್ ಹತ್ರ ಬಂತು. ಚಾಪ್ಟರ್ ತೆಗೆದು ಹಾಕಲಾ?"

ಉತ್ತರ:

ಮೊದಲು ಸಮಾಧಾನ ಮಾಡ್ಕೊಳಿ, ಚಾಪ್ಟರ್ ತೆಗೆಯೋ ಅಗತ್ಯ ಇಲ್ಲ, ಆದ್ರೆ ಅದರ ಬೆನ್ನುಮೂಳೆ ಬದಲಾಯಿಸ್ಬೇಕು. ನಿಮ್ಮ ಗೊಂದಲ ಏನು ಅಂದ್ರೆ, ಒಂದೇ ಮನುಷ್ಯ ದರ್ಪದ ಅಧಿಕಾರಿನೂ ಆಗಿ ಬಡಪಾಯಿನೂ ಆಗಿ ಇರೋದು ಹೇಗೆ ಅನ್ನೋದು. ಅದಕ್ಕೆ ಉತ್ತರ ಅವನ ಸ್ವಭಾವದಲ್ಲಿಲ್ಲ, ವರ್ಷದ ಕೊನೇಲಿ ಅವನು ಒಪ್ಪಿಸಬೇಕಾಗಿದ್ದ ಲೆಕ್ಕದಲ್ಲಿದೆ. ಈ ಲೆಕ್ಕ ಬರೆದಿಟ್ಟ ಚರ್ಮದ ಸುರುಳಿಗಳನ್ನೇ ಓದ್ಕೊಂಡು, ಪಾಠ ಮಾಡ್ಕೊಂಡು ಬಂದೋನು ನಾನು, ಹಾಗಾಗಿ ಅಲ್ಲಿಂದಲೇ ಹೇಳ್ತೀನಿ.

ಯಾರು ಯಾರು ಅನ್ನೋದು ಬೇಗ ಮುಗಿಸಿಬಿಡೋಣ. 13ನೇ ಶತಮಾನದ ಇಂಗ್ಲೆಂಡಲ್ಲಿ ದೊಡ್ಡ ಒಡೆಯ ಅಂದ್ರೆ ಒಬ್ಬ ಬಿಷಪ್ಪೋ, ಮಠವೋ, ಅರ್ಲ್ ಅನ್ನೋ ದೊಡ್ಡ ಶ್ರೀಮಂತನೋ, ಅವನಿಗೆ ಒಂದಲ್ಲ ಹತ್ತಾರು ಮೇನರ್‌ಗಳು, ಅಂದ್ರೆ ಊರು, ಜಮೀನು, ರೈತರು ಎಲ್ಲ ಸೇರಿದ ಎಸ್ಟೇಟ್‌ಗಳು. ಎಲ್ಲದರ ಮೇಲೆ ಸ್ಟೀವರ್ಡ್, ಕಾನೂನು ಗೊತ್ತಿರೋ ದೊಡ್ಡ ಮನುಷ್ಯ, ಕುದುರೆ ಮೇಲೆ ಊರೂರು ಸುತ್ತಿ ಮೇನರ್ ಕೋರ್ಟ್ ನಡೆಸ್ತಿದ್ದ. ಅವನ ಕೆಳಗೆ ಮೇನರ್‌ನ ಮೇಲ್ವಿಚಾರಣೆಗೆ ಬೇಲಿಫ್, ಸಾಮಾನ್ಯವಾಗಿ ಹೊರಗಿನೋನು, ಸ್ವತಂತ್ರ ಮನುಷ್ಯ, ಸಂಬಳಕ್ಕಿದ್ದೋನು. ರೀವ್ ಮಾತ್ರ ಅದೇ ಊರಿನ ವಿಲೆನ್, ಅಂದ್ರೆ ಒಡೆಯನ ಜಮೀನಲ್ಲಿ ವಾರಕ್ಕಿಷ್ಟು ದಿನ ಬಿಟ್ಟಿ ದುಡೀಬೇಕಾದ, ಒಡೆಯನ ಅಪ್ಪಣೆ ಇಲ್ಲದೆ ಊರು ಬಿಡೋಕೆ ಆಗದ, ಮಗಳ ಮದುವೆಗೂ ಒಡೆಯನಿಗೆ ದುಡ್ಡು ಕಟ್ಟಬೇಕಾದ ರೈತ. ಹೇವರ್ಡ್ ಬೇಲಿ, ಬೆಳೆ, ತುಡುಗು ದನ, ಕೊಯ್ಲಿನ ಆಳುಗಳ ಮೇಲ್ವಿಚಾರಣೆ ನೋಡ್ಕೊಳೋನು. ಬೀಡಲ್ ಕೋರ್ಟಿಗೆ ಕರೆಯೋನು, ದಂಡ ವಸೂಲಿ ಮಾಡೋನು. ಇದು ಪುಸ್ತಕದ ಅಚ್ಚುಕಟ್ಟು, ನಿಜವಾದ ಊರಲ್ಲಿ ಎರಡು ಕೆಲಸ ಒಬ್ಬನೇ ಮಾಡ್ತಿದ್ದಿದ್ದೂ ಉಂಟು. ಆಮೇಲೆ ಶೆರಿಫನ್ನ ಇವರ ಜೊತೆ ಸೇರಿಸ್ಬೇಡಿ, ಅವನು ರಾಜನ ಅಧಿಕಾರಿ, ಪೂರ್ತಿ ಕೌಂಟಿಗೆ. ರಾಬಿನ್ ಹುಡ್ ಕಥೆ ಕೇಳಿ ಬಂದೋರೆಲ್ಲ ಇಲ್ಲೇ ಎಡವೋದು.

ಪಟೇಲ, ಶಾನುಭೋಗರ ಹೋಲಿಕೆ ಬಗ್ಗೆ ಒಂದು ಮಾತು. ನಿಮ್ಮ ತಾತನ ಕಾಲದ ಹುದ್ದೆ ವಂಶಪಾರಂಪರ್ಯ, ಅಪ್ಪನಿಂದ ಮಗನಿಗೆ ಬರ್ತಿತ್ತು, ಅದಕ್ಕೆ ಇನಾಂ ಜಮೀನು ಇರ್ತಿತ್ತು, ಮನೆತನದ ಮರ್ಯಾದೆ ಇತ್ತು, 1961ರ ಕಾಯ್ದೆ ಮಾಡಿ ಅದನ್ನ ರದ್ದು ಮಾಡಬೇಕಾಯ್ತು. ಅದೂ ಅಲ್ದೆ ಅದು ಸರ್ಕಾರದ ಕಂದಾಯದ ಕೆಲಸ. ರೀವ್ ಕೆಲಸ ನಿಯಮದ ಪ್ರಕಾರ ಒಂದು ವರ್ಷದ್ದು, ಖಾಸಗಿ ಒಡೆಯನ ಬೇಸಾಯ ನಡೆಸೋದು, ಹುದ್ದೆ ಬಂದ್ರೂ ಬಂಧನ ಹೋಗ್ತಿರ್ಲಿಲ್ಲ. ಹೋಗೋದಿರ್ಲಿ, ಕೋರ್ಟಲ್ಲಿ ಒಬ್ಬ ರೈತ ಸ್ವತಂತ್ರನೋ ವಿಲೆನ್ನೋ ಅಂತ ಜಗಳ ಬಂದಾಗ ಎದುರು ಪಕ್ಷದ ವಕೀಲ ಎತ್ತೋ ಪಾಯಿಂಟುಗಳಲ್ಲಿ ಒಂದು, ಇವನು ಒಡೆಯ ಹೇಳಿದಾಗ ರೀವ್ ಆಗಿ ದುಡಿಯಬೇಕಾದೋನು ತಾನೆ, ಹಾಗಾದ್ರೆ ವಿಲೆನ್ನೇ, ಅನ್ನೋದು. ರೀವ್ ಆಗೋ ಹೊಣೆ ಅಂದ್ರೇ ಬಂಧನದ ಗುರುತು. ಹಾಗಾಗಿ ಪಟೇಲರ ಹೋಲಿಕೆನ ಚಾಪ್ಟರಿಂದ ತೆಗೀರಿ, ಅದೊಂದು ತೆಗೆದ್ರೆ ಅರ್ಧ ಗೊಂದಲ ತಾನಾಗೇ ಕರಗತ್ತೆ.

ಸರಿ, ಓದು ಬರಹ ಗೊತ್ತಿಲ್ಲದ ಬಂಧಿತ ರೈತನ ಕೈಗೆ ಒಂದು ಎಸ್ಟೇಟ್ ಒಪ್ಪಿಸೋ ಹುಚ್ಚು ಯಾಕೆ ಬಂತು ಅಂತ ನೀವು ಕೇಳಬೇಕು. 12ನೇ ಶತಮಾನದಲ್ಲಿ ಒಡೆಯರು ಹೆಚ್ಚಾಗಿ ಮೇನರ್‌ಗಳನ್ನ ಗುತ್ತಿಗೆಗೆ ಕೊಟ್ಟು ನಿಗದಿ ಮೊತ್ತ ಎಣಿಸ್ಕೊಂಡು ಆರಾಮಾಗಿದ್ರು. 1200ರ ಆಸುಪಾಸಲ್ಲಿ ಧಾನ್ಯದ ಬೆಲೆ ಜೋರಾಗಿ ಏರ್ತು, ಲಾಭ ಎಲ್ಲ ಗುತ್ತಿಗೆದಾರನ ಜೇಬಿಗೆ, ಒಡೆಯನಿಗೆ ಅದೇ ಹಳೇ ದುಡ್ಡು. ಹೊಟ್ಟೆ ಉರಿಯಲ್ವಾ? ಗುತ್ತಿಗೆ ಕಿತ್ಕೊಂಡು ತಾವೇ ಸಾಗುವಳಿಗೆ ಇಳಿದ್ರು. ಆದ್ರೆ ಒಡೆಯ ಇರೋದು ಎಲ್ಲೋ, ಮೇನರ್ ಇರೋದು ಎಲ್ಲೋ. ಊರಿನ ಯಾವ ಹೊಲದಲ್ಲಿ ನೀರು ನಿಲ್ಲತ್ತೆ, ಯಾವ ಮನೆಯೋನು ಬಿಟ್ಟಿ ದುಡಿಮೆಗೆ ಸೋಮಾರಿ, ಯಾವ ಸಂತೇಲಿ ಬಾರ್ಲಿಗೆ ರೇಟು ಜಾಸ್ತಿ, ಇದೆಲ್ಲ ಊರೋನಿಗೇ ಗೊತ್ತಿರೋದು. ಸಂಬಳ ಕೊಟ್ಟು ಹೊರಗಿನೋನನ್ನ ಇಟ್ರೆ ಅವನು ದುಡ್ಡು ಹೊಡ್ಕೊಂಡು ರಾತ್ರೋರಾತ್ರಿ ಪರಾರಿ ಆಗಬಹುದು. ವಿಲೆನ್ ಎಲ್ಲಿಗೆ ಓಡ್ತಾನೆ? ಹೆಂಡ್ತಿ ಮಕ್ಕಳು, ಎತ್ತು, ಜಮೀನು ಎಲ್ಲ ಅಲ್ಲೇ ಇದೆ, ಅದೂ ಕಾನೂನಿನ ಪ್ರಕಾರ ಒಡೆಯನದೇ. ಲೆಕ್ಕದಲ್ಲಿ ಕೊರತೆ ಬಂದ್ರೆ ಅವನ ಆಸ್ತಿಗೆ ಕೈ ಹಾಕಿದ್ರಾಯ್ತು, ಅದೂ ಸಾಲದಿದ್ರೆ ಆರಿಸಿದ ಊರವರ ತಲೆಗೇ ಕಟ್ಟೋದು. ಊರವರಿಗೆ ಎಲೆಕ್ಷನ್ ಹಕ್ಕು ಕೊಟ್ಟಿದ್ದು ಪ್ರಜಾಪ್ರಭುತ್ವದ ಮೇಲಿನ ಪ್ರೀತಿಯಿಂದ ಅಲ್ಲ ಅಂತ ಈಗ ಗೊತ್ತಾಯ್ತಲ್ಲ. ಆರಿಸಿದೋರೇ ಜಾಮೀನು. ಕೆಲವು ಕಡೆ ಊರವರು ಒಂದಿಷ್ಟು ಹೆಸರು ಕೊಡ್ತಿದ್ರು, ಅದರಲ್ಲಿ ಒಬ್ಬನನ್ನ ಸ್ಟೀವರ್ಡ್ ಆರಿಸ್ತಿದ್ದ, ಕೆಲವು ಕಡೆ ಒಡೆಯನೇ ನೇರವಾಗಿ ಹೆಸರು ಹೇಳ್ತಿದ್ದ.

ಈಗ ಲೆಕ್ಕಕ್ಕೆ ಬರೋಣ, ನನ್ನ ಪ್ರಕಾರ ನಿಮ್ಮ ಚಾಪ್ಟರಿನ ಜೀವ ಇಲ್ಲೇ ಇರೋದು. ಲೆಕ್ಕದ ವರ್ಷ ಸೆಪ್ಟೆಂಬರ್ 29ರ ಮಿಕಲ್‌ಮಸ್ ಹಬ್ಬಕ್ಕೆ ಮುಗೀತಿತ್ತು, ಅಷ್ಟೊತ್ತಿಗೆ ಕೊಯ್ಲು ಮುಗಿದು ಕಣಜ ತುಂಬಿರತ್ತೆ. ಅದಾದಮೇಲೆ ಆಡಿಟರ್‌ಗಳು ಬರ್ತಾರೆ. ರೀವ್ ಹತ್ರ ಇರೋದು ನೆನಪು ಮತ್ತೆ ಟ್ಯಾಲಿ ಕಡ್ಡಿಗಳು, ಅಂದ್ರೆ ಲೆಕ್ಕಕ್ಕೆ ಕಚ್ಚು ಹಾಕಿ ಉದ್ದಕ್ಕೆ ಸೀಳಿದ ಮರದ ಕಡ್ಡಿ, ಅರ್ಧ ಕೊಟ್ಟೋನ ಹತ್ರ, ಅರ್ಧ ತಗೊಂಡೋನ ಹತ್ರ, ಎರಡನ್ನೂ ಜೋಡಿಸಿದ್ರೆ ಕಚ್ಚು ಹೊಂದ್ಬೇಕು. ಅವನು ಬಾಯಲ್ಲಿ ಹೇಳೋದನ್ನ ಒಬ್ಬ ಗುಮಾಸ್ತ ಲ್ಯಾಟಿನ್‌ನಲ್ಲಿ ಚರ್ಮದ ಹಾಳೆ ಮೇಲೆ ಬರೀತಾನೆ. ಮುಂದಿನ ಬದಿ ದುಡ್ಡಿನ ಲೆಕ್ಕ: ಹೋದ ವರ್ಷದ ಬಾಕಿ, ಗೇಣಿ, ಮಾರಿದ ಧಾನ್ಯ, ಕೋರ್ಟಿನ ದಂಡ, ಆಮೇಲೆ ಖರ್ಚು, ನೇಗಿಲಿಗೆ ಕಬ್ಬಿಣ, ಕುರಿಗೆ ಹಚ್ಚೋಕೆ ಟಾರು, ಉಪ್ಪು, ಆಳಿನ ಕೂಲಿ. ಹಾಳೆ ತಿರುಗಿಸಿದ್ರೆ ಹಿಂದಿನ ಬದಿ ಇನ್ನೂ ಭಯಂಕರ, ಅಲ್ಲಿ ಬುಶೆಲ್ ಅನ್ನೋ ಅಳತೆಯ ಲೆಕ್ಕದಲ್ಲಿ ಧಾನ್ಯ, ಪ್ರತಿ ಎತ್ತು, ಕುರಿ, ಬಾತು, ಕೋಳಿ, ಮೊಟ್ಟೆ, ಹುಟ್ಟಿದ್ದೆಷ್ಟು ಸತ್ತಿದ್ದೆಷ್ಟು ಎಲ್ಲಕ್ಕೂ ಜವಾಬು. ಕುರಿ ಸತ್ರೆ ಸತ್ತಿತು ಅಂದ್ರೆ ಆಗಲ್ಲ, ಚರ್ಮ ತಂದು ತೋರಿಸ್ಬೇಕು.

ಆಡಿಟರ್‌ಗಳ ಹತ್ರ ಮೊದಲೇ ಒಂದು ಅಂದಾಜು ಇರ್ತಿತ್ತು, ಇಷ್ಟು ಬಿತ್ತಿದ್ರೆ ಇಷ್ಟು ಬರ್ಬೇಕು, ಒಂದು ಹಸುವಿಂದ ಇಷ್ಟು ಚೀಸ್ ಆಗ್ಬೇಕು ಅಂತ. ಆಗಿನ ಗೋಧಿ ಇಳುವರಿ ಅಂದ್ರೆ ಬಿತ್ತಿದ್ದರ ಮೂರ್ನಾಲ್ಕು ಪಟ್ಟು, ಅಷ್ಟೇ. ಎಸ್ಟೇಟ್ ನಡೆಸೋದು ಹೇಗೆ ಅಂತ ಆ ಕಾಲದಲ್ಲೇ ಬರೆದ ಒಂದು ಕೈಪಿಡಿ, ಮೂರು ಪಟ್ಟು ಮಾತ್ರ ಬಂದ್ರೆ ಧಾನ್ಯಕ್ಕೆ ಒಳ್ಳೆ ಬೆಲೆ ಇಲ್ಲದ ವರ್ಷ ಒಡೆಯನಿಗೆ ಏನೂ ಗಿಟ್ಟಲ್ಲ ಅಂತ ಹೇಳತ್ತೆ. ಅಂದಾಜಿಗಿಂತ ಕಡಿಮೆ ಬಂತೋ, ವ್ಯತ್ಯಾಸನ ರೀವ್‌ಗೇ ಮಾರಿದ ಹಾಗೆ ಬರ್ಕೊಂಡು ಆ ದುಡ್ಡು ಅವನ ಬಾಕಿಗೆ ಸೇರಿಸೋದು. ಸುರುಳಿಗಳಲ್ಲಿ ಈ ಜಾಗ ಕಣ್ಣಿಗೆ ಹೊಡೆಯತ್ತೆ, ಗುಮಾಸ್ತ ನೀಟಾಗಿ ಬರೆದ ಮೊತ್ತಕ್ಕೆ ಆಡಿಟರ್ ಗೆರೆ ಎಳೆದು ಮೇಲೆ ಬೇರೆ ಮೊತ್ತ ಹಾಕಿರ್ತಾನೆ. ರೀವ್ ಹೇಳಿದ ಖರ್ಚು ಜಾಸ್ತಿ ಅನ್ನಿಸಿದ್ರೆ ಕಡಿತ, ಧಾನ್ಯ ಮಾರಿದ ಬೆಲೆ ಕಡಿಮೆ ಅನ್ನಿಸಿದ್ರೆ ಏರಿಕೆ. ಆ ಗೆರೆಗಳ ಹಿಂದೆ ಒಂದು ಜೋರು ವಾಗ್ವಾದ ನಡೆದಿರತ್ತೆ, ನಮಗೆ ಉಳಿದಿರೋದು ಗೆರೆ ಮಾತ್ರ. ರೀವ್ ಕಡೆಯ ಸಬೂಬುಗಳೂ ಅಲ್ಲಲ್ಲಿ ಸಿಗತ್ತೆ, ಮಳೆ ಜಾಸ್ತಿ ಆಗಿ ಹುಲ್ಲು ಕೊಳೀತು, ಬರ ಬಂದು ಹುಲ್ಲುಗಾವಲು ಒಣಗಿತು ಅಂತ. ತಮಾಷೆ ಏನು ಅಂದ್ರೆ, ವಿಂಚೆಸ್ಟರ್ ಬಿಷಪ್ಪಿನ ಎಸ್ಟೇಟಿನ ಸುರುಳಿಗಳು 1208ರಿಂದ ಶುರುವಾಗತ್ತಲ್ಲ, ಅದರಲ್ಲಿರೋ ಈ ಸಬೂಬುಗಳನ್ನೇ ಸೇರಿಸ್ಕೊಂಡು ಇವತ್ತು ಆ ಕಾಲದ ಹವಾಮಾನದ ಇತಿಹಾಸ ಬರೀತಾರೆ.

1285ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನ ಎರಡನೇ ಶಾಸನ ಅನ್ನೋ ಇಂಗ್ಲೆಂಡಿನ ಕಾನೂನು ಬಂದಮೇಲಂತೂ ಲೆಕ್ಕ ಒಪ್ಪಿಸಬೇಕಾದ ನೌಕರ ಬಾಕಿದಾರ ಅಂತ ಆಡಿಟರ್‌ಗಳು ಹೇಳಿದ್ರೆ ಸಾಕು, ನೇರವಾಗಿ ಜೈಲು. ಈಗ ನಿಮ್ಮ ಪ್ರಶ್ನೆಗೆ ನೀವೇ ಉತ್ತರ ಹೇಳಿ, ದುಡ್ಡು ಕೊಟ್ಟು ತಪ್ಪಿಸ್ಕೊಳೋರು ಇದ್ರು ಅನ್ನೋದರಲ್ಲಿ ಆಶ್ಚರ್ಯ ಏನಿದೆ?

ಆ ರೈತನ ಜಾಗದಲ್ಲಿ ನಿಂತು ನೋಡಿ. ಮಿಕಲ್‌ಮಸ್ ಹೊತ್ತಿಗೆ ನಿಮ್ಮ ಹೆಸರು ಬಂತು. ದುಡ್ಡು ಕಟ್ಟಿ ಬಿಡಿಸ್ಕೊಂಡ್ರೆ ಈ ವರ್ಷ ಬಚಾವ್, ಆದ್ರೆ ಆ ದುಡ್ಡು ಇರೋದು ಊರಿನ ಅನುಕೂಲಸ್ಥರ ಹತ್ರ ಮಾತ್ರ, ಮತ್ತೆ ಮುಂದಿನ ವರ್ಷ ಪುನಃ ನಿಮ್ಮ ಹೆಸರು ಬರಲ್ಲ ಅಂತ ಏನು ಗ್ಯಾರಂಟಿ? ಒಪ್ಕೊಂಡು ಪ್ರಾಮಾಣಿಕವಾಗಿ ಮಾಡಿದ್ರೆ ಗೇಣಿ ಮಾಫಿ, ಬಿಟ್ಟಿ ದುಡಿಮೆಯಿಂದ ವಿನಾಯಿತಿ, ಕೊಯ್ಲಿನ ಕಾಲದಲ್ಲಿ ಒಡೆಯನ ಮನೆ ಊಟ, ಇಷ್ಟು ಸಿಗ್ತಿತ್ತು, ಆದ್ರೆ ಒಂದು ಕೆಟ್ಟ ಮಳೆಗಾಲ ಸಾಕು ಬಾಕಿ ಬೆಟ್ಟ ಆಗೋಕೆ, 1315ರಿಂದ 17ರವರೆಗಿನ ಮಹಾಕ್ಷಾಮದಲ್ಲಿ ಬೇಸಿಗೆ ಪೂರ್ತಿ ಮಳೆ ಸುರಿದು ಬೆಳೆ ಕೊಳೆತಾಗ ರೀವ್ ಆಗಿದ್ದೋರ ಪಾಡು ಊಹಿಸ್ಕೊಳಿ. ಇನ್ನೊಂದು ದಾರಿ, ಅಲ್ಲಲ್ಲಿ ಸ್ವಲ್ಪ ಉಳಿಸ್ಕೊಳೋದು, ಕೆಟ್ಟ ವರ್ಷಕ್ಕೆ ಅಂತ ಒಂದಿಷ್ಟು ಧಾನ್ಯ ಪಕ್ಕಕ್ಕೆ ಸರಿಸೋದು, ಪರಿಚಯದೋರಿಗೆ ಬಿಟ್ಟಿ ದಿನ ಮಾಫಿ ಮಾಡಿ ಅವರಿಂದ ಬೇರೆ ಉಪಕಾರ ಪಡೆಯೋದು. ಇದರಲ್ಲಿ ಅಪಾಯ ಆಡಿಟರ್‌ಗಿಂತ ಅಕ್ಕಪಕ್ಕದ ಮನೆಯೋರಿಂದ. ಯಾಕಂದ್ರೆ ವರ್ಷ ಮುಗಿದಮೇಲೆ ನೀವು ಮತ್ತೆ ಅದೇ ಸಾಲಲ್ಲಿ ಒಬ್ಬ ರೈತ, ಹೊಸ ರೀವ್ ನೀವು ಕಳೆದ ವರ್ಷ ಬೈದೋನೇ ಆಗಿರ್ಬಹುದು.

ಇದಕ್ಕೆ ನಾನು ಯಾವಾಗ್ಲೂ ಕೊಡೋ ಉದಾಹರಣೆ ಹಂಟಿಂಗ್‌ಡನ್‌ಶೈರ್‌ನ ಎಲ್ಟನ್ ಊರಿಂದು, ರ್‍ಯಾಮ್ಸಿ ಮಠದ ಮೇನರ್. 1270ರ ದಶಕದ ಕೊನೇಲಿ ಅಲ್ಲಿನ ಕೋರ್ಟಿಗೆ ಮೈಕಲ್ ಅನ್ನೋ ರೀವ್ ಒಂದು ಮಾನನಷ್ಟದ ದೂರು ತಗೊಂಡ್ ಬರ್ತಾನೆ. ಚರ್ಚಿನ ಅಂಗಳದಲ್ಲಿ ಊರವರೆಲ್ಲ ಇರುವಾಗ ಕೆಲವರು ಇವನ ಮೇಲೆ ಕೂಗಾಡಿದ್ದಾರೆ: ಮಠಕ್ಕೆ ಬಿಟ್ಟಿ ದುಡಿಯೋ ಆಳುಗಳನ್ನ ಬಳಸ್ಕೊಂಡು ತನ್ನ ಹುಲ್ಲು, ತನ್ನ ಬೆಳೆ ಕೊಯ್ಸಿದಾನೆ, ಊರ ನೇಗಿಲಿಂದ ತನ್ನ ಹೊಲ ಉಳುಮೆ ಮಾಡಿಸಿದಾನೆ, ತನಗೆ ಕಡಿಮೆಗೆ ಜಮೀನು ಕೊಟ್ಟೋರಿಗೆ ಬಿಟ್ಟಿ ಕೆಲಸ ಮಾಫಿ ಮಾಡಿದಾನೆ, ಸಾಹುಕಾರರ ಹತ್ರ ಲಂಚ ತಿಂದು ಹೊರೆನ ಬಡವರ ಮೇಲೆ ಹಾಕಿದಾನೆ ಅಂತ. ಹಾಗೆ ಕೂಗಿದೋರಲ್ಲಿ ಒಬ್ಬನ ಹೆಸರಿನ ಜೊತೆಗೂ ರೀವ್ ಅಂತಾನೇ ಇದೆ, ನೋಡಿ! ಊರಿನ ಜೂರಿ ವಿಚಾರಣೆ ಮಾಡಿ ಮೈಕಲ್‌ದು ಯಾವುದರಲ್ಲೂ ತಪ್ಪಿಲ್ಲ ಅಂತ ಹೇಳ್ತು, ಆಪಾದನೆ ಮಾಡಿದೋರಿಗೆ ದಂಡ ಬಿತ್ತು, ಜೊತೆಗೆ 10 ಶಿಲಿಂಗ್ ಪರಿಹಾರ ಕೊಡಿ ಅಂತ ಆಯ್ತು. ಅದರಲ್ಲಿ 2 ಶಿಲಿಂಗ್ ಇಟ್ಕೊಂಡು ಉಳಿದಿದ್ದನ್ನ ಮೈಕಲ್ ಬಿಟ್ಟುಬಿಟ್ಟ.

ಯಾಕೆ ಬಿಟ್ಟ? ದೊಡ್ಡ ಮನಸ್ಸಾ, ಅರ್ಧ ನಿಜ ಇತ್ತಾ, ಇಲ್ಲ ನಾಳೆ ಅದೇ ಬೀದೀಲಿ ಬದುಕಬೇಕಲ್ಲ ಅಂತನಾ? ದಾಖಲೆ ಹೇಳಲ್ಲ. ನನಗೆ ಮೂರನೇದೇ ಸರಿ ಅನ್ಸತ್ತೆ. ಆದ್ರೆ ಆ ಆಪಾದನೆ ಪಟ್ಟಿ ಇದೆಯಲ್ಲ, ಮೈಕಲ್ ಮಾಡಿದಾನೋ ಬಿಟ್ಟಿದಾನೋ, ರೀವ್ ಆದೋನು ಏನೇನು ಮಾಡೋಕೆ ಸಾಧ್ಯ ಇತ್ತು ಅಂತ ಊರವರಿಗೆ ಗೊತ್ತಿತ್ತು ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಬೇಡ. ಇನ್ನೊಂದು ಗಮನಿಸಿ, ತೀರ್ಪು ಕೊಟ್ಟಿದ್ದು ಸ್ಟೀವರ್ಡ್ ಅಲ್ಲ, ಊರಿನ ರೈತರೇ. ಮೇನರ್ ಕೋರ್ಟ್ ಅಂದ್ರೆ ಒಡೆಯ ಕೂತು ಮನಸ್ಸಿಗೆ ಬಂದಿದ್ದು ಹೇಳೋ ಜಾಗ ಅಂತ ನೀವು ಬರೆದಿದ್ರೆ ಅದನ್ನೂ ತಿದ್ದಿ. ದಂಡದ ದುಡ್ಡು ಒಡೆಯನಿಗೆ ಹೋಗ್ತಿತ್ತು ನಿಜ, ಆದ್ರೆ ಊರಿನ ಪದ್ಧತಿ ಏನು ಅಂತ ಹೇಳ್ತಿದ್ದೋರು ಊರವರು.

ಹಾಗಂತ ಎಲ್ಲ ರೀವ್‌ಗಳೂ ಪಾಪದವರು ಅಂತ ಈ ಕಡೆಗೂ ವಾಲಬೇಡಿ. ಆಕ್ಸ್‌ಫರ್ಡ್‌ಶೈರ್‌ನ ಕಕ್ಸಮ್ ಅನ್ನೋ ಪುಟ್ಟ ಊರು, ಅದು ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನ ಮೇನರ್, ಅಲ್ಲಿ ರಾಬರ್ಟ್ ಓಲ್ಡ್‌ಮನ್ ಅನ್ನೋ ವಿಲೆನ್ 1311ರಿಂದ 1349ರವರೆಗೆ ರೀವ್ ಆಗಿದ್ದ, ಪ್ಲೇಗಿನ ವರ್ಷ ಸತ್ತ. ಒಂದು ವರ್ಷದ ಕೆಲಸ ಅಂತ ಮೇಲೆ ಹೇಳಿದೆ, ಇವನು ಹತ್ರಹತ್ರ ನಾಲ್ಕು ದಶಕ! ಮಹಾಕ್ಷಾಮನೂ ಇವನ ಅವಧಿಯಲ್ಲೇ ಬಂದು ಹೋಯ್ತು. ಅಷ್ಟು ಕಾಲ ಒಬ್ಬ ಮನುಷ್ಯ ಹುದ್ದೇಲಿ ಇದ್ದ ಅಂದ್ರೆ ಕಾಲೇಜಿಗೂ ಅವನು ಬೇಕಿತ್ತು, ಅವನಿಗೂ ಅದರಲ್ಲಿ ಏನೋ ಗಿಟ್ತಿತ್ತು. ಚಾಸರ್‌ನ ರೀವ್ ಈ ಜಾತಿಯೋನು. ಒಡೆಯನಿಗೆ ಇಪ್ಪತ್ತು ವರ್ಷ ಆದಾಗಿಂದ ಲೆಕ್ಕ ಒಪ್ಪಿಸ್ತಿದಾನೆ, ಯಾವ ಆಡಿಟರ್‌ಗೂ ಸಿಕ್ಕಿಲ್ಲ, ಬೇಲಿಫ್ ಕುರುಬ ಎಲ್ಲ ಅವನಿಗೆ ಹೆದರ್ತಾರೆ, ಒಡೆಯನದನ್ನೇ ಒಡೆಯನಿಗೆ ಸಾಲ ಕೊಟ್ಟು ಥ್ಯಾಂಕ್ಸ್ ಜೊತೆ ಕೋಟೂ ಗಿಟ್ಟಿಸ್ಕೋತಾನೆ. ಅದು ಸುಳ್ಳಲ್ಲ, ಆದ್ರೆ ವಿಡಂಬನೆ, ಯಶಸ್ವಿಯಾದ ಒಬ್ಬನ ಚಿತ್ರ. ಬರೆದೋನು ಯಾರು ಅಂತನೂ ನೋಡ್ಬೇಕು: ಚಾಸರ್ 1374ರಿಂದ 1386ರವರೆಗೆ ಲಂಡನ್ ಬಂದರಲ್ಲಿ ಉಣ್ಣೆ ಸುಂಕದ ಕಂಟ್ರೋಲರ್ ಆಗಿದ್ದೋನು, ವಸೂಲಿದಾರರ ಲೆಕ್ಕಕ್ಕೆ ಎದುರು ಲೆಕ್ಕ ಇಡೋದೇ ಅವನ ನೌಕರಿ. ಅನುಮಾನದ ಕಣ್ಣು ಇರೋದು ಸಹಜ ಅಲ್ವಾ.

ಆಮೇಲೇನಾಯ್ತು ಅನ್ನೋದು ಚುಟುಕಾಗಿ. 1348-49ರ ಪ್ಲೇಗಿನಿಂದ ಆಳು ಸಿಗದೆ ಕೂಲಿ ಏರ್ತು, 1370ರ ದಶಕದ ನಂತರ ಧಾನ್ಯದ ಬೆಲೆನೂ ಬಿತ್ತು, ಒಡೆಯರಿಗೆ ಸ್ವಂತ ಸಾಗುವಳಿ ಗಿಟ್ಟದೆ ಮತ್ತೆ ಗುತ್ತಿಗೆಗೆ ಹೋದ್ರು. ಗುತ್ತಿಗೆ ಹಿಡಿದೋರಲ್ಲಿ ಹಳೇ ರೀವ್‌ಗಳೂ ಇದ್ರು, ಜಮೀನಿನ ಒಳಗುಟ್ಟು ಅವರಿಗೇ ಗೊತ್ತಿದ್ದಿದ್ದು. 1381ರ ರೈತ ದಂಗೆ ನಿಮ್ಮ ಚಾಪ್ಟರಲ್ಲಿ ಇಲ್ಲದಿದ್ರೆ ಸೇರಿಸಿ. ದಂಗೆಕೋರರು ಊರೂರಲ್ಲಿ ಮೇನರ್ ಕೋರ್ಟಿನ ಸುರುಳಿಗಳನ್ನ ಸುಟ್ರು, ಮತ್ತೆ ಅವರಲ್ಲಿ ಹೆಸರು ಸಿಕ್ಕಿರೋರನ್ನ ಹಿಡಿದು ಹಳೇ ದಾಖಲೆ ಹುಡುಕಿದ್ರೆ ರೀವ್, ಬೇಲಿಫ್, ಜೂರಿ, ಕಾನ್‌ಸ್ಟೇಬಲ್ ಆಗಿದ್ದೋರು ಸಾಕಷ್ಟು ಜನ ಸಿಗ್ತಾರೆ. ಒಡೆಯನ ಏಜೆಂಟ್ ಅಂತ ನೀವು ಕರೆದೋರೇ ಒಡೆಯನ ವಿರುದ್ಧ ಎದ್ದಿದ್ದು. ಯಾವ ಸುರುಳಿ ಎಲ್ಲಿದೆ, ಅದರಲ್ಲಿ ಏನು ಬರ್ದಿದೆ ಅಂತ ಚೆನ್ನಾಗಿ ಗೊತ್ತಿದ್ದೋರೂ ಅವರೇ.

ಈಗ ಚಾಪ್ಟರ್ ಏನ್ ಮಾಡೋದು. ಟೈಮ್ ತೀರಾ ಕಡಿಮೆ ಇದ್ರೆ ಕವಿತೆಯೊಳಗೇ ಇರಿ, ಇದು ಚಾಸರ್ ಕಟ್ಟಿದ ರೀವ್ ಅಂತ ಮೊದಲ ಪುಟದಲ್ಲೇ ಹೇಳಿ, ಸಮಾಜದ ಬಗ್ಗೆ ಇರೋ ದೊಡ್ಡ ವಾಕ್ಯಗಳನ್ನೆಲ್ಲ ಹೊಡೆದು ಹಾಕಿ. ಸೇಫ್, ಆದ್ರೆ ವೈವಾದಲ್ಲಿ ಹೊಸದೇನಿದೆ ಅಂತ ಕೇಳಿದ್ರೆ ಕೈ ಖಾಲಿ. ಸ್ವಲ್ಪ ಟೈಮ್ ಇದ್ರೆ ಅನುವಾದ ಆಗಿರೋ ಒಂದೇ ಒಂದು ಮೇನರ್‌ನ ಲೆಕ್ಕ ತಗೊಂಡು ಚಾಸರ್‌ನ ಸಾಲುಗಳ ಪಕ್ಕ ಇಟ್ಟು ಓದಿ, ಕುರಿ, ಕಣಜ, ಬಾಕಿ, ಆಡಿಟರ್ ಎಲ್ಲ ಎರಡೂ ಕಡೆ ಸಿಗತ್ತೆ. ಇಲ್ಲಿನ ಅಪಾಯ, ಲೆಕ್ಕದ ಸುರುಳಿ ಒಡೆಯನಿಗಾಗಿ ಬರೆದಿದ್ದು, ಬಾಕಿ ಅಂತ ಕಂಡ ತಕ್ಷಣ ಕಳ್ಳತನ ಅಂತ ಬರೆದುಬಿಡೋ ಆಸೆ ಆಗತ್ತೆ. ಬಾಕಿ ಅಂದ್ರೆ ಎಷ್ಟೋ ಸಲ ಗೇಣಿ ಕಟ್ಟೋಕೆ ಆಗದ ಇನ್ಯಾರದೋ ಸಾಲ, ರೀವ್ ಹೆಸರಲ್ಲಿ ನಿಂತಿರೋದು. ಕೋರ್ಟ್ ಸುರುಳಿ ಹಿಡಿದ್ರೆ ಎಲ್ಟನ್ ಥರ ಜೀವಂತ ಜಗಳ ಸಿಗತ್ತೆ, ಓದೋರಿಗೂ ಮಜಾ, ಆದ್ರೆ ಜಗಳ ಆದಾಗ ಮಾತ್ರ ಕೋರ್ಟಲ್ಲಿ ದಾಖಲೆ ಹುಟ್ಟೋದು, ಸುಮ್ನೆ ನಡೆದ ವರ್ಷಗಳು ಅಲ್ಲಿ ಬರಲ್ಲ, ಹಾಗಾಗಿ ಊರು ಬರೀ ಹೊಡೆದಾಟದ ಗೂಡು ಅನ್ಸಿಬಿಡತ್ತೆ. ನಾನಾಗಿದ್ರೆ ಎರಡನೇದು ಹಿಡಿದು, ಎಲ್ಟನ್ ಕೇಸನ್ನ ಎರಡು ಪುಟ ಸೇರಿಸ್ತಿದ್ದೆ. ಹುಡುಗರು ಸಾಮಾನ್ಯವಾಗಿ ಮೂರನ್ನೂ ಮಾಡೋಕೆ ಹೋಗಿ ಯಾವುದನ್ನೂ ಮುಗಿಸಲ್ಲ, ಅದು ಬೇಡ.

ಇನ್ನು ಬೇಲಿಫ್, ರೀವ್ ಇಬ್ಬರೂ ಒಂದೇ ಊರಲ್ಲಿ ಒಂದೇ ವರ್ಷ ಇದ್ರೆ ಲೆಕ್ಕ ಒಪ್ಪಿಸೋದು ಯಾರು ಅಂತ ಗೈಡ್ ಕೇಳೇ ಕೇಳ್ತಾರೆ. ಎಸ್ಟೇಟಿಂದ ಎಸ್ಟೇಟಿಗೆ ಬೇರೆ. ಎಷ್ಟೋ ಕಡೆ ರೀವ್ ಒಪ್ಪಿಸ್ತಿದ್ದ, ಬೇಲಿಫ್ ಮೇಲ್ವಿಚಾರಣೆ ಅಷ್ಟೇ, ಕೆಲವು ಕಡೆ ಬೇಲಿಫ್, ಕೆಲವು ಸಲ ಇಬ್ಬರೂ ಜಂಟಿ. ನೀವು ಆರಿಸ್ಕೊಂಡ ಸುರುಳಿಯ ಮೊದಲ ಸಾಲಲ್ಲೇ ಇದು ಯಾರ ಲೆಕ್ಕ ಅಂತ ಹೆಸರು, ಹುದ್ದೆ ಎರಡೂ ಇರತ್ತೆ, ಅದನ್ನ ನೋಡಿ ಬರೀರಿ.